ಮೆಷಿನ್ನಿನ ಮೇಲಿಟ್ಟ ಕಾಫಿ

ಆಸ್ಪತ್ರೆಯಿಂದ ಭುವನಾ ಮನೆ ಸೇರುವಾಗ ಮಧ್ಯಾಹ್ನ ಎರಡು ದಾಟಿತ್ತು. ಬೆಳಗ್ಗೆ ಏಳಕ್ಕೇ ಹೋಗಿ ಚೀಟಿಗೆ ನಿಂತು, ಬಿ.ಪಿ. ನೋಡಿಸಲು ನಿಂತು, ರಕ್ತ ಕೊಡಲು ನಿಂತು, ಮಾತ್ರೆಗೆ ನಿಂತು, ಕಡೆಗೆ ಡಾಕ್ಟರಮ್ಮನ ಎದುರು ಹೋದರೆ ಆಕೆ ಹೇಳಿದ ಮೊದಲ ಮಾತು, "ಜಾಸ್ತಿ ನಿಲ್ಲಬೇಡಿ." ನಗು ಬರಬೇಕಾದ ಜಾಗ. ಭುವನಾಳಿಗೆ ನಗುವ ತ್ರಾಣವೂ ಇರಲಿಲ್ಲ.

ಡಾಕ್ಟರಮ್ಮ ಅವಳ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ಮೇಲೇಳುವವರೆಗೂ ನೋಡುತ್ತಾ ಕೂತಿದ್ದರು. "ಎಂಟಕ್ಕೆ ಬಿದ್ದಿದೆ. ಇನ್ಮೇಲೆ ಮೆಷಿನ್ ತುಳಿಯೋದು ಬೇಡ. ಎಡ ಮಗ್ಗುಲಿಗೆ ಮಲಗಿರಬೇಕು, ಅಷ್ಟೇ. ಹೋದ್ಸಲ ಏನಾಯ್ತು ಗೊತ್ತಲ್ಲ?"

ಗೊತ್ತಿಲ್ಲದೆ ಏನು? ಹೋದ ಸಲ ಏಳು ತುಂಬುವ ಮೊದಲೇ, ಮದುವೆಗಳ ಕಾಲದಲ್ಲಿ, ಯಾರದೋ ಧಾರೆಯ ಬ್ಲೌಸಿಗೆ ಗೊಂಡೆ ಕಟ್ಟುತ್ತಾ ಕೂತಿದ್ದಾಗಲೇ ನೋವು ಶುರುವಾಗಿ ಕೂಸು ಕೈಬಿಟ್ಟು ಹೋಗಿತ್ತು. ಬ್ಲೌಸು ಮಾತ್ರ ಮುಹೂರ್ತಕ್ಕೆ ಸರಿಯಾಗಿ ತಲುಪಿತ್ತು. ಗಂಡ ನಾಗಭೂಷಣನೇ ಒಯ್ದು ಕೊಟ್ಟು ಬಂದಿದ್ದ.

ಈ ಸಲ ಹಾಗಾಗಬಾರದು ಅಂತಲೇ ಅವಳು ಅರ್ಜಿ ಹಾಕಿದ್ದು. ಸ್ವಂತ ಕಸುಬಿನ ಹೆಂಗಸರಿಗೆ ಹೆರಿಗೆ ಕಾಲಕ್ಕೆ ಮೂರು ತಿಂಗಳ ನೆರವು ಕೊಡುವ ಒಂದು ಮಂಡಳಿ ಇದೆಯೆಂದು ಗಿರಾಕಿಯೊಬ್ಬಳ ಬಾಯಿಂದ ಕೇಳಿ, ಮೂರು ವರ್ಷದ ಹಿಂದೆಯೇ ಕಾರ್ಡು ಮಾಡಿಸಿದ್ದಳು. ವರ್ಷಕ್ಕೊಮ್ಮೆ ತಪ್ಪದೆ ವಂತಿಗೆ ಕಟ್ಟಿದ್ದಳು. ಅವಳ ತವರು ವೈ.ಎನ್. ಹೊಸಕೋಟೆ. ಅಲ್ಲಿ ಜೊತೆಗೆ ಓದಿದ ಅಶ್ವಿನಿ ಈಗ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಅವಳನ್ನು ಹೆರಿಗೆಗೆ ಆರು ತಿಂಗಳು ಮನೆಯಲ್ಲಿ ಕೂರಿಸಿ ಸಂಬಳ ಕೊಟ್ಟರಂತೆ. ಅದೇ ಸೂಜಿ, ಅದೇ ದಾರ, ಅದೇ ಸೊಂಟನೋವು. ಫ್ಯಾಕ್ಟರಿಯಲ್ಲಿ ಹೊಲಿದರೆ ಕೆಲಸ, ಮನೆಯಲ್ಲಿ ಹೊಲಿದರೆ ಹೊತ್ತು ಕಳೆಯುವುದು! ಯಾರು ಮಾಡಿದ ಲೆಕ್ಕವೋ ಇದು, ಅವರ ಕೈಗೊಂದು ದಿನ ಸೂಜಿ ಕೊಟ್ಟು ನೋಡಬೇಕು.

ಬಾಗಿಲು ತೆಗೆದ ಅತ್ತೆ ಸರೋಜಮ್ಮನ ಮುಖದಲ್ಲಿ ಹಬ್ಬದ ಕಳೆ ಇತ್ತು. ಒಳಗೆ ಕಾಲಿಟ್ಟ ಭುವನಾಳಿಗೆ ಒಂದು ಗಳಿಗೆ ಬೇರೆ ಯಾರದೋ ಮನೆಗೆ ಬಂದಂತಾಯಿತು. ನೆಲದ ಮೇಲೆ ಒಂದು ಚೂರು ಬಟ್ಟೆಯಿಲ್ಲ. ಮೊಳೆಗೆ ನೇತು ಹಾಕಿದ್ದ ಹೊಲಿದ ಬ್ಲೌಸುಗಳಿಲ್ಲ. ದಾರದ ಡಬ್ಬ, ಟೇಪು, ಕತ್ತರಿ ಒಂದೂ ಇಲ್ಲ. ಕಿಟಕಿ ಪಕ್ಕದ ಹೊಲಿಗೆ ಮೆಷಿನ್ನಿನ ತಲೆಯನ್ನು ಒಳಕ್ಕೆ ಮಡಚಿ, ಹಲಗೆ ಮುಚ್ಚಿ, ಅದರ ಮೇಲೆ ಟ್ರಂಕಿನಲ್ಲಿದ್ದ ಕ್ರೋಷಾ ಹಾಸು ಹೊದಿಸಿ, ನಡುವೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ನೋಡಿದವರು ಯಾರಾದರೂ ಒಳ್ಳೆ ಮೇಜು ಅನ್ನಬೇಕು, ಹಾಗಿತ್ತು.

"ಏನತ್ತೆ ಇದೆಲ್ಲ?"

"ನಿನ್ ಅರ್ಜಿ ವಿಚಾರಣೆಗೆ ಬಂದಿದ್ರು ಕಣಮ್ಮ! ನಿನ್ ಫೋನು ಸಿಗ್ಲಿಲ್ವಂತೆ, ನನ್ ನಂಬರಿಗೆ ಮಾಡಿ ಮನೆ ಎಲ್ಲಿ ಬರ್ತದೆ ಅಂದ್ಲು. ಅರ್ಧ ಗಂಟೇಲಿ ಎಲ್ಲಾ ಎತ್ತಾಕಿ, ಗುಡ್ಸಿ ಸಾರ್ಸಿ ರೆಡಿ ಮಾಡ್ಬುಟ್ಟೆ. ಭವ್ಯ ಅಂತೆ ಹೆಸ್ರು, ಒಳ್ಳೆ ಹುಡ್ಗಿ. ಕೋಡ್ಬಳೆ ಕೊಟ್ಟೆ. ಕಾಫೀನ ಇಲ್ಲೇ, ಇದ್ರ ಮ್ಯಾಲೇ ಇಟ್ಟೆ." ಸರೋಜಮ್ಮ ಹಾಸಿನ ಮೇಲೆ ಪ್ರೀತಿಯಿಂದ ಕೈಯಾಡಿಸಿದರು.

ಭುವನಾ ಮುಚ್ಚಿದ ಮೆಷಿನ್ನಿನ ಕಡೆ ನೋಡಿದಳು. "ಏನ್ ಕೇಳಿದ್ರು?"

"ಸೊಸೆ ಏನ್ ಕೆಲ್ಸ ಮಾಡ್ತಾರೆ ಅಂದ್ಲು. ನಾನ್ ಬುಡ್ತೀನಾ? ನಮ್ ಸೊಸೆ ಯಾತಕ್ಕೂ ಹೋಗಲ್ಲ, ಮನೇಲೇ ಇರ್ತಾಳೆ, ನಮ್ಮ ಮನೇಲಿ ಹೆಣ್ಮಕ್ಕಳ್ನ ದುಡ್ಯಾಕೆ ಕಳ್ಸೋ ರೂಢಿ ಇಲ್ಲ ಅಂದೆ. ಮತ್ತೆ ಮೆಷಿನ್ನು ಐತಾ ಅಂತ ಕೇಳಿದ್ಲು. ಯಾವ್ದೂ ಇಲ್ಲ ಕಣಮ್ಮ, ಇದ್ದಿದ್ರೆ ಕಾಣ್ತಿರ್ಲಿಲ್ವಾ ಅಂದೆ. ಪಾಪ, ಎಲ್ಲಾ ಬರ್ಕೊಂಡ್ಲು."

ಭುವನಾ ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು. ಕೂಗಾಡಬೇಕು ಅನ್ನಿಸಿತು. ಕೂಗಾಡುವುದಕ್ಕೂ ಎದ್ದು ನಿಲ್ಲಬೇಕಲ್ಲ. ಕೆಲಸ ಮಾಡುವವರಿಗೆ ಅಂತಲೇ ಇರುವ ದುಡ್ಡು, ಅವಳು ಕೆಲಸವನ್ನೇ ಮಾಡುವುದಿಲ್ಲ ಅಂತ ಮನೆಯ ಹಿರಿಯರೇ ಹೇಳಿ ಕಳಿಸಿದ್ದರು, ಅದೂ ಮೆಷಿನ್ನಿನ ಮೇಲೆ ಕಾಫಿ ಇಟ್ಟು. ಹಾಗಂತ ಬಿಡಿಸಿ ಹೇಳಿದಾಗ ಸರೋಜಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ.

"ಹೋದ್ ವರ್ಸ ರೇಷನ್ ಕಾರ್ಡಿನೋರು ಬಂದಾಗ ಏನ್ ಹೇಳಿದ್ವಿ? ಸೊಸೆ ದುಡೀತಾಳೆ ಅಂದಿದ್ರೆ ಕಾರ್ಡೇ ಕಿತ್ಕೊಂಡ್ ಹೋಗ್ತಿದ್ರು ಅಂತ ನೀನೇ ಅಲ್ವಾ ಅಂದಿದ್ದು? ಅವಾಗ್ಲೂ ಮೆಷಿನ್ ಮುಚ್ಚಿದ್ದು ನೀನೇ. ಸರ್ಕಾರದೋರು ಬಂದ್ರೆ ಇಲ್ಲ ಅನ್ನೋದಲ್ವಾ? ಇದೊಂದ್ರಲ್ಲಿ ಐತೆ ಅನ್ಬೇಕು ಅಂತ ನಂಗೆಂಗೆ ಗೊತ್ತಾಗ್ಬೇಕು?"

ಹೌದು, ಆವತ್ತು ಮುಚ್ಚಿದ್ದು ಭುವನಾಳೇ. ಹಾಗಂತ ಅತ್ತೆಯದು ಬರೀ ರೇಷನ್ ಕಾರ್ಡಿನ ಭಯವೂ ಅಲ್ಲ. ಮಾವ ಮಹಾಲಿಂಗಯ್ಯನವರು ಶಿರಾ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಸರೋಜಮ್ಮ ಆ ಅಂಗಡಿಯ ಮೆಟ್ಟಿಲನ್ನೂ ತುಳಿದವರಲ್ಲ. ಮಾವನೂ ಹೋದರು, ಅಂಗಡಿಯೂ ಹೋಯಿತು. ಸಂಸಾರ ಮಧುಗಿರಿಯ ಈ ಬಾಡಿಗೆ ಮನೆಗೆ ಬಂತು. ನಾಗಭೂಷಣ ಲಗೇಜ್ ಆಟೋ ಓಡಿಸಿಕೊಂಡು ಕೊರಟಗೆರೆ, ಶಿರಾ ಅಂತ ತಿರುಗತೊಡಗಿದ. ಆಟೋದ ಕಂತು ಅವನ ದುಡಿಮೆಯಲ್ಲಿ ತೀರಿದರೆ ಬಾಡಿಗೆ, ದಿನಸಿ, ಸರೋಜಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಭುವನಾಳ ಮೆಷಿನ್ನಿನಿಂದ. ಅದು ಮೂವರಿಗೂ ಗೊತ್ತು, ಬಾಯಿ ಬಿಟ್ಟು ಯಾರೂ ಅನ್ನುವುದಿಲ್ಲ. ಬಾಗಿಲಿಗೆ ಟೈಲರ್ ಅಂತ ಒಂದು ಬೋರ್ಡು ಹಾಕೋಣ ಎಂದು ನಾಗಭೂಷಣ ಒಮ್ಮೆ ಅಂದಿದ್ದಕ್ಕೆ ಸರೋಜಮ್ಮ ಎರಡು ಹೊತ್ತು ಊಟ ಬಿಟ್ಟಿದ್ದರು. ಹಾಗಾಗಿ ಗಿರಾಕಿಗಳೆಲ್ಲ ಹಿತ್ತಿಲ ಬಾಗಿಲಿಂದ, ಬಟ್ಟೆಯ ಕವರನ್ನು ಸೆರಗಿನಡಿ ಇಟ್ಟುಕೊಂಡು ಬರುತ್ತಿದ್ದರು. ಬ್ಲೌಸು ಹೊಲಿಸುವುದಕ್ಕೆ ಇಷ್ಟು ಕಳ್ಳತನ ಮಾಡುವ ಬೀದಿ ಇನ್ನೆಲ್ಲಾದರೂ ಇದ್ದೀತೇ!

ಎರಡು ದಿನಕ್ಕೆ ಫೋನಿಗೆ ಮೆಸೇಜು ಬಂತು. ಅರ್ಜಿ ತಿರಸ್ಕೃತ. ಕಾರಣ: ಅರ್ಜಿದಾರರು ಗೃಹಿಣಿ.

ಭುವನಾ ಅದೇ ಹುಡುಗಿಗೆ ಫೋನು ಮಾಡಿದಳು. ಭವ್ಯ ಎಲ್ಲೋ ರಸ್ತೆಯಲ್ಲಿದ್ದಳು, ಲಾರಿಗಳ ಸದ್ದು ಕೇಳುತ್ತಿತ್ತು.

"ಅಯ್ಯೋ, ನಾನೇನ್ ಮಾಡ್ಲಿ ಮೇಡಂ? ನಿಮ್ಮತ್ತೆನೇ ಹಂಗಂದ್ರು. ಮೆಷಿನ್ನೂ ಕಾಣಿಸ್ಲಿಲ್ಲ. ಮರುಪರಿಶೀಲನೆಗೆ ಹಾಕಿ, ಇನ್ನೊಂದ್ಸಲ ಬರ್ತೀನಿ. ಯಾವತ್ತು ಅಂತ ಮಾತ್ರ ಹೇಳಂಗಿಲ್ಲ. ಹೇಳಿ ಬಂದ್ರೆ ಕೆಲವ್ರು ಪಕ್ಕದ್ಮನೆ ಮೆಷಿನ್ ತಂದಿಟ್ಕೊಂಡ್ ಕೂತಿರ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ನಾನೊಬ್ಳೇ. ನಾನು ಬಂದಾಗ ನೀವು ಕೆಲಸ ಮಾಡ್ತಿರ್ಬೇಕು, ಅದರ ಫೋಟೋ ಬೇಕು. ಇನ್ನೊಂದ್ಸಲ ರಿಜೆಕ್ಟ್ ಆದ್ರೆ ಮತ್ತೆ ಹಾಕೋಕಾಗಲ್ಲ."

"ನಂಗೆ ಮಲಗಿರೋಕೆ ಹೇಳಿದಾರೆ ಮೇಡಂ."

"ಆದಷ್ಟು ಬೇಗ ಬರ್ತೀನಿ ಮೇಡಂ," ಎಂದಳು ಭವ್ಯ.

ಹೀಗೆ ಮೆಷಿನ್ ಬಿಡುವುದಕ್ಕೋಸ್ಕರ ಭುವನಾ ಮೆಷಿನ್ನಿಗೆ ಕೂತಳು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಎರಡು ದಿಂಬು ಬೆನ್ನಿಗಿಟ್ಟುಕೊಂಡು. ಶ್ರಾವಣ ಹತ್ತಿರ ಬಂದಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕೆಂದು ಹನ್ನೊಂದು ಬ್ಲೌಸಿನ ಬಟ್ಟೆ ಬಂದು ಕೂತಿತ್ತು. ಎಂಟರ ಹೊಟ್ಟೆ ಹಲಗೆಗೆ ತಾಗುತ್ತಿತ್ತು. ಬಗ್ಗಿದರೆ ಕೂಸು ಒಳಗಿಂದ ಒದೆಯುತ್ತಿತ್ತು. ಪಾದ ಊದಿ ಚಪ್ಪಲಿ ಹಿಡಿಸದೆ ಬರಿಗಾಲಲ್ಲೇ ತುಳಿಯುತ್ತಿದ್ದಳು. ಒಂದು ತೋಳು ಹೊಲಿಯುವುದು, ಕಾಲು ಚಾಚಿ ಕಣ್ಣು ಮುಚ್ಚುವುದು, ಯಾರಾದರೂ ಬಂದರೋ ಎಂದು ಬೆಚ್ಚುವುದು, ಮತ್ತೆ ಒಂದು ತೋಳು.

ಸರೋಜಮ್ಮನಿಗೆ ತಮ್ಮ ತಪ್ಪು ಈಗ ಚೆನ್ನಾಗಿಯೇ ನಾಟಿತ್ತು. ಬಾಯಲ್ಲಿ ಒಪ್ಪುವ ಪೈಕಿ ಅಲ್ಲ. ಅದರ ಬದಲು, ಎರಡು ದಿನ ನೋಡಿ ಕಾವಲಿಗೆ ನಿಂತರು. ಭುವನಾಳನ್ನು ಮಂಚದ ಮೇಲೆ ಮಲಗಿಸಿ, ತಾವು ಬೀದಿ ಕಿಟಕಿಯಲ್ಲಿ ಕೂತು, ಸ್ಕೂಟಿ ಸದ್ದು ಕೇಳಿದರೆ ಸಾಕು, "ಬಂದ್ಲು ಕಣೇ, ಬಂದ್ಲು, ಎದ್ದು ಕೂತ್ಕೋ!" ಎಂದು ಎಬ್ಬಿಸುವರು. ಭುವನಾ ಎದ್ದು, ಸೊಂಟ ಹಿಡಿದು ನಾಲ್ಕು ಹೆಜ್ಜೆ ಹಾಕಿ ಕೂತು ಮೆಷಿನ್ ತುಳಿಯುವಷ್ಟರಲ್ಲಿ ಬಂದವಳು ಹಾಲಿನವಳೋ, ಯಾವುದೋ ಮೇಷ್ಟರ ಹೆಂಡತಿಯೋ ಆಗಿರುತ್ತಿದ್ದಳು. ಒಮ್ಮೆಯಂತೂ ಗ್ಯಾಸ್ ಸಿಲಿಂಡರಿನವನ ಎದುರು ಭುವನಾ ಐದು ನಿಮಿಷ ದಾರವಿಲ್ಲದ ಸೂಜಿಯಲ್ಲಿ ಹೊಲಿದಳು. ಅವನು ಸಿಲಿಂಡರು ಇಳಿಸಿ, "ಈ ಸ್ಥಿತೀಲೂ ಕೆಲ್ಸ ಯಾಕಕ್ಕಾ?" ಎಂದು ಕೇಳಿ ಹೋದ.

"ದಿನಕ್ಕೆ ಹತ್ಸಲ ಎದ್ದು ಕೂರೋದಕ್ಕಿಂತ ಕೂತೇ ಇರೋದು ವಾಸಿ ಅತ್ತೆ," ಎಂದಳು ಭುವನಾ.

"ಇವತ್ತೊಂದಿನ ತಡ್ಕೋ. ಇವತ್ತು ಬಂದೇ ಬರ್ತಾಳೆ," ಎಂದರು ಸರೋಜಮ್ಮ. ದಿನವೂ ಅದನ್ನೇ ಅನ್ನುತ್ತಿದ್ದರು.

ನಾಗಭೂಷಣ ಸಂಜೆ ಬಂದವನೇ ಇಬ್ಬರ ಮುಖ ನೋಡಿ, ಇವತ್ತೂ ಬರಲಿಲ್ಲ ಅಂತ ತಿಳಿದು, ಸುಮ್ಮನೆ ಕೈಕಾಲು ತೊಳೆಯಲು ಹೋಗುತ್ತಿದ್ದ. "ಬಿಟ್ಟಾಕು, ನಾನೇ ಇನ್ನೊಂದು ಟ್ರಿಪ್ ಜಾಸ್ತಿ ಹೊಡೀತೀನಿ" ಅನ್ನುತ್ತಿದ್ದ. ಟ್ರಿಪ್ಪು ಸಿಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಒಳ್ಳೆಯವನೇ. ಒಳ್ಳೆಯತನದಿಂದ ಬಾಡಿಗೆ ಕಟ್ಟಲಾಗುವುದಿಲ್ಲ, ಅಷ್ಟೇ.

ಎಂಟನೆಯ ದಿನ ತಪಾಸಣೆಗೆ ಹೋದರೆ ಬಿ.ಪಿ. ಏರಿತ್ತು. ಡಾಕ್ಟರಮ್ಮ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ ಎರಡು ಸಲ ನೋಡಿದರು. ಈ ಸಲ ಬೈಯಲಿಲ್ಲ, ಅದೇ ಭುವನಾಳಿಗೆ ಹೆದರಿಕೆ ಹುಟ್ಟಿಸಿತು. "ಮಗು ಬೇಕೋ ಬೇಡ್ವೋ ಅದನ್ನ ಹೇಳಿಬಿಡಮ್ಮ," ಎಂದರು ಅಷ್ಟೇ.

ಮನೆಗೆ ಬಂದು ಮಂಚ ಹತ್ತಿ ಎಡ ಮಗ್ಗುಲಿಗೆ ಮಲಗಿದ ಭುವನಾ, ಮರುದಿನ ಬೆಳಗ್ಗೆ ಏಳಲಿಲ್ಲ. ಎಚ್ಚರವಿದ್ದಳು, ಕಾಫಿ ಕುಡಿದಳು, ಮಾತ್ರೆ ನುಂಗಿದಳು. ಮೆಷಿನ್ನಿನ ಕಡೆ ಮಾತ್ರ ಮುಖ ತಿರುಗಿಸಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಸರೋಜಮ್ಮ ಕಿಟಕಿಯಿಂದ ದಡಬಡ ಎದ್ದು ಬಂದರು.

"ಬಂದ್ಲು ಕಣೇ! ಈ ಸಲ ನಿಜ್ವಾಗ್ಲೂ ಅವ್ಳೇ, ಕತ್ನಾಗೆ ಕಾರ್ಡ್ ಹಾಕ್ಕೊಂಡವ್ಳೆ! ಏಳು, ಏಳು, ಐದೇ ನಿಮಿಷ!"

"ನಾಕು ಚೇತ ಕಾದತ್ತೆ," ಎಂದಳು ಭುವನಾ. ತೀರ ಸುಸ್ತಾದಾಗ ಅವಳ ಬಾಯಿಗೆ ತವರಿನ ತೆಲುಗೇ ಬರುತ್ತಿತ್ತು. "ನನ್ ಕೈಲಾಗಲ್ಲ. ಏನಾದ್ರೂ ಆಗ್ಲಿ."

"ಒಂಬತ್ ದಿನ ಕಾದೀವಿ ಕಣೇ, ಈಗ ಬಂದಾಗ..."

ಅಷ್ಟರಲ್ಲಿ ಭವ್ಯ ಬಾಗಿಲಲ್ಲಿ ನಿಂತಿದ್ದಳು. ಹೆಲ್ಮೆಟ್ಟಿನೊಳಗಿಂದ ಬೆವರು ಇಳಿಯುತ್ತಿತ್ತು. ಮಂಚದ ಮೇಲೆ ಮಲಗಿದ್ದ ಬಸುರಿಯನ್ನೂ, ಕಿಟಕಿಯ ಪಕ್ಕ ಸುಮ್ಮನೆ ನಿಂತಿದ್ದ ಮೆಷಿನ್ನನ್ನೂ, ಅದರ ಮೇಲೆ ರಾಶಿ ಬಿದ್ದ ಬಟ್ಟೆಯನ್ನೂ ನೋಡಿದಳು.

"ಈಗ್ ತಾನೇ ಹೊಲೀತಿದ್ಲು ಕಣಮ್ಮ, ಈಗ ಒಂದ್ ಗಳಿಗೆ..." ಎಂದು ಸರೋಜಮ್ಮ ಶುರು ಮಾಡಿದರು.

"ಇಲ್ಲ ಮೇಡಂ," ಎಂದಳು ಭುವನಾ, ತಲೆ ಎತ್ತದೆ. "ಇವತ್ತು ಹೊಲಿದಿಲ್ಲ. ನಾಳೇನೂ ಹೊಲಿಯಲ್ಲ. ಹೊಲೀದಂಗೆ ಇರೋಕೇ ಅಲ್ವಾ ನಾನು ಅರ್ಜಿ ಹಾಕಿದ್ದು? ಕೂತು ಹೊಲಿಯೋ ಹಂಗಿದ್ರೆ ನಿಮ್ಮ ದುಡ್ಡು ನಂಗ್ಯಾಕೆ ಬೇಕಿತ್ತು?"

ಭವ್ಯ ಹೆಲ್ಮೆಟ್ ಕಳಚಿ, ಕುರ್ಚಿ ಎಳೆದುಕೊಂಡು ಕೂತಳು. ಸಣ್ಣ ಪ್ರಾಯದ ಹುಡುಗಿ, ಕಣ್ಣ ಕೆಳಗೆ ಮಾತ್ರ ಕಪ್ಪು.

"ನನಗೆ ಅರ್ಥ ಆಗುತ್ತೆ ಮೇಡಂ. ಈ ಫೋನಿಗೆ ಅರ್ಥ ಆಗಲ್ಲ," ಎಂದಳು. "ಕೆಲಸದಲ್ಲಿ ತೊಡಗಿರುವ ಫೋಟೋ ಹಾಕದೆ ಇದ್ರೆ ಇದು ಮುಂದಿನ ಪುಟಕ್ಕೇ ಹೋಗಲ್ಲ. ನಿಮ್ಮ ಮುಖ ಬೇಕು, ಮೆಷಿನ್ ಬೇಕು, ಕೈ ಅದ್ರ ಮೇಲಿರ್ಬೇಕು. ಪಾವಗಡದಲ್ಲಿ ನಿನ್ನೆ ಒಬ್ರು ಬಾಣಂತಿ, ಹೂ ಕಟ್ಟೋರು. ಕೂಸನ್ನ ಪಕ್ಕಕ್ಕೆ ಮಲಗ್ಸಿ ಎದ್ದು ಕೂತು ಹೂ ಕಟ್ಟಿದ್ರು. ನನಗೇ ಹೊಟ್ಟೆ ಉರೀತು."

"ಕೈ ತಾನೆ ಬೇಕಾಗಿರೋದು?" ಎಂದರು ಸರೋಜಮ್ಮ.

ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಷಿನ್ನಿನ ಮೇಲಿನ ಬಟ್ಟೆಯನ್ನೆಲ್ಲ ಬಾಚಿ ಇನ್ನೊಂದು ಕುರ್ಚಿಗೆ ಹಾಕಿ, ಆ ಕಬ್ಬಿಣದ ಕಾಲುಗಳನ್ನು ಹಿಡಿದು ಜಗ್ಗಿದರು. ಮೆಷಿನ್ನು ಅಲುಗಲಿಲ್ಲ. "ನೋಡ್ತಾ ಕೂತಿದ್ದೀಯಲ್ಲಮ್ಮ, ಆ ಕಡೆ ಹಿಡ್ಕೋ!" ಎಂದು ಭವ್ಯಳನ್ನು ಗದರಿದರು. ಭವ್ಯ ಎದ್ದು ಹಿಡಿದಳು. ಕರಕರ ಸದ್ದು ಮಾಡುತ್ತಾ, ಸಾರಿಸಿದ ನೆಲಕ್ಕೆ ಗೀರು ಎಳೆಯುತ್ತಾ, ಇಬ್ಬರೂ ಸೇರಿ ಅದನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದರು. ಭುವನಾ ಮಲಗಿದ್ದಲ್ಲಿಂದಲೇ ಬಲಗೈ ಚಾಚಿ ಚಕ್ರದ ಮೇಲಿಟ್ಟಳು.

"ಸ್ವಲ್ಪ ಕಣ್ಣು ತೆಗೀರಿ ಮೇಡಂ, ನಿದ್ದೆ ಮಾಡ್ತಿರೋ ಹಂಗೆ ಬರ್ತಿದೆ."

ಭುವನಾ ಕಣ್ಣು ತೆರೆದಳು, ಭವ್ಯ ಫೋಟೋ ತೆಗೆದಳು. ಫೋನು ಒಂದು ಸುತ್ತು ತಿರುಗಿ, ಯೋಚನೆ ಮಾಡಿ, ಒಪ್ಪಿಕೊಂಡಿತು.

"ಇನ್ನೊಂದಿದೆ," ಎಂದಳು ಭವ್ಯ, ಸರೋಜಮ್ಮನ ಮುಖ ನೋಡಲು ಹಿಂಜರಿಯುತ್ತಾ. "ಮೊದಲನೇ ಸಲ ನೀವು ಹೇಳಿದ್ದು ಬರ್ಕೊಂಡಿದ್ದೀನಲ್ಲ ಅಮ್ಮ, ಅದು ತಪ್ಪು ಅಂತ ನೀವೇ ಹೇಳಿಕೆ ಕೊಡ್ಬೇಕು. ಸೊಸೆ ಏನ್ಮಾಡ್ತಾರೆ, ಮನೆ ಹೆಂಗೆ ನಡೀತದೆ ಅಂತ."

ಬೀದಿಯ ಬಾಗಿಲು ತೆರೆದೇ ಇತ್ತು. ಮೆಷಿನ್ ಎಳೆದ ಸದ್ದಿಗೆ ಎದುರು ಮನೆಯ ಚಿಕ್ಕಲಕ್ಷ್ಮಮ್ಮ ಆಗಲೇ ಜಗಲಿಗೆ ಬಂದು ಇತ್ತಲೇ ನೋಡುತ್ತಿದ್ದಳು. ಸರೋಜಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಹೋಗಿ ಬಾಗಿಲು ಹಾಕುತ್ತಾರೆ ಅಂದುಕೊಂಡಳು ಭುವನಾ. ಅವರು ಹೋಗಲಿಲ್ಲ.

"ಬರ್ಕೋ," ಎಂದರು. ದನಿ ಮೊದಲು ಸಣ್ಣದಾಗಿ ಹೊರಟಿತು, ಆಮೇಲೆ ಸರಿಯಾಯಿತು. "ನನ್ ಸೊಸೆ ಟೈಲರು. ಆರು ವರ್ಸದಿಂದ ಹೊಲೀತಾಳೆ. ನಾವು ತಿನ್ನೋ ಅನ್ನ, ಇರೋ ಮನೆ, ನನ್ ಮಾತ್ರೆ ಎಲ್ಲಾ ಅವ್ಳ ದುಡಿಮೇದು. ಮನೇಲಿ ಸುಮ್ನೆ ಇರ್ತಾಳೆ ಅಂತ ನಾನ್ ಹೇಳಿದ್ದು ಸುಳ್ಳು. ಎಲ್ಲಿ ರುಜು ಹಾಕ್ಬೇಕು?"

ಭುವನಾ ಚಕ್ರದ ಮೇಲಿದ್ದ ತನ್ನ ಕೈಯನ್ನೇ ನೋಡುತ್ತಾ ಮಲಗಿದ್ದಳು. ಆರು ವರ್ಷದಲ್ಲಿ ಇದನ್ನು ಕೇಳಿದ್ದು ಇದೇ ಮೊದಲು. ಖುಷಿಯಾಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಸಣ್ಣ ಮಾತಿಗೆ ಇಷ್ಟೆಲ್ಲ ಬೇಕಾಯಿತೇ ಎಂದು ಬೇಜಾರಾಯಿತು.

ರುಜು ಹಾಕಿಸಿಕೊಂಡು ಎದ್ದ ಭವ್ಯಳನ್ನು ಅವಳು ಕೇಳಿದಳು. "ಯಾವಾಗ ಬರುತ್ತೆ ಮೇಡಂ?"

"ಬರುತ್ತೆ. ಇದೇನೂ ವಾಪಸ್ ಬರಲ್ಲ, ನಾನು ಗ್ಯಾರಂಟಿ." ಭವ್ಯ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿಕೊಂಡಳು. "ಮೂರ್ನಾಲ್ಕು ತಿಂಗಳು ಹಿಡೀಬೌದು ಮೇಡಂ."

ಆ ಹೊತ್ತಿಗೆ ಕೂಸಿಗೆ ನಾಮಕರಣವೇ ಆಗಿರುತ್ತದೆ. ಮಲಗುವುದಕ್ಕೆ ಬೇಕಾಗಿದ್ದ ದುಡ್ಡು ಎದ್ದ ಮೇಲೆ ಬರುತ್ತದೆ. ಕುರ್ಚಿಯ ಮೇಲಿದ್ದ ಹನ್ನೊಂದು ಬ್ಲೌಸಿನ ಬಟ್ಟೆಯ ರಾಶಿ ಭುವನಾಳ ಕಣ್ಣಿಗೆ ಬಿತ್ತು, ಮೂರೋ ನಾಲ್ಕೋ ಮುಗಿದಿದ್ದವು. ಇವತ್ತೊಂದು ದಿನ ಮಲಗಿ ನಾಳೆ ಸ್ವಲ್ಪ ಸ್ವಲ್ಪವೇ ಕೂತರೆ ಹಬ್ಬಕ್ಕೆ ಆಗಬಹುದು ಎಂದು ಅವಳ ಮನಸ್ಸು ತನ್ನ ಪಾಡಿಗೆ ತಾನು ಲೆಕ್ಕ ಹಾಕತೊಡಗಿತು. ಡಾಕ್ಟರಮ್ಮನ ಮಾತೂ ಜೊತೆಗೇ ಕಿವಿಯಲ್ಲಿತ್ತು.

ಸ್ಕೂಟಿಯ ಸದ್ದು ಬೀದಿ ದಾಟುವವರೆಗೂ ಸರೋಜಮ್ಮ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ದೊಡ್ಡ ಕೈಚೀಲ ತಂದು, ಹೊಲಿಯದೆ ಉಳಿದ ಬಟ್ಟೆಯನ್ನೆಲ್ಲ ಒಂದೊಂದಾಗಿ ಮಡಚಿ ಅದಕ್ಕೆ ತುಂಬಿದರು.

"ಏನ್ ಮಾಡ್ತಿದ್ದೀರಾ ಅತ್ತೆ?"

"ಯಾವ್ಯಾವ್ದು ಯಾರ್ಯಾರ್ದು ಅಂತ ನಂಗೊತ್ತು, ನೀ ಮಲ್ಕೋ. ಮೂರು ತಿಂಗಳು ಹೆಂಗೋ ಆಯ್ತದೆ ಬುಡು. ಬಾಡ್ಗೆ ಮನೆಯೋರ್ ಹತ್ರ ನಾನೇ ಮಾತಾಡ್ತೀನಿ."

ಚೀಲ ಹಿಡಿದು ಅವರು ಹಿತ್ತಿಲ ಕಡೆಗೆ ಹೋಗಲಿಲ್ಲ. ಬೀದಿ ಬಾಗಿಲಿಂದಲೇ ಹೊರಟರು. ಎದುರು ಜಗಲಿಯಿಂದ ಚಿಕ್ಕಲಕ್ಷ್ಮಮ್ಮನ ದನಿ ಕೇಳಿತು. "ಇದ್ಯಾಕೆ ಸರೋಜಕ್ಕ, ಹೊಲೀದೇ ತಂದ್ಬುಟ್ರಿ? ಹಬ್ಬಕ್ಕೆ ಬೇಕಿತ್ತಲ್ಲ?"

"ಬ್ಯಾರೆ ಕಡೆ ಹೊಲಿಸ್ಕೊಳಮ್ಮ. ನಮ್ ಭುವನಾ ರಜಾ ಮ್ಯಾಲವ್ಳೆ."

"ರಜಾನಾ!" ಚಿಕ್ಕಲಕ್ಷ್ಮಮ್ಮ ಗೊಳ್ಳೆಂದು ನಕ್ಕಳು. "ಆಫೀಸಿನೋರ ಥರ ಹೇಳ್ತೀರಲ್ಲ! ಅವ್ಳಿಗೆ ಎಂಥದು ರಜಾ ಸರೋಜಕ್ಕ?"

"ದುಡ್ಯೋರಿಗೆ ರಜಾ ಇರ್ದೆ ಇನ್ಯಾರ್ಗಮ್ಮ ಇರ್ತದೆ?" ಎಂದರು ಸರೋಜಮ್ಮ. ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿತ್ತು ಮಾತು.

ಮುಂದಿನ ಮನೆಯ ಬಾಗಿಲು ತಟ್ಟಿದ ಸದ್ದು, ಅಲ್ಲೂ ಅದೇ ಮಾತು. ಅದರ ಮುಂದಿನ ಮನೆಯದು ಭುವನಾಳಿಗೆ ಕೇಳಿಸಲಿಲ್ಲ. ಹಗಲು ಹನ್ನೊಂದು ಗಂಟೆಗೆ, ಚಕ್ರದ ಮೇಲಿಟ್ಟ ಕೈ ಹಾಗೇ ಜಾರಿ, ಅವಳಿಗೆ ನಿದ್ದೆ ಹತ್ತಿತ್ತು.